ಬೆದರುಗೊಂಬೆಯ ಅಂಗಿ, ಮುದಲಾಳಿಯ ಹೆಸರು

ನನ್ನ ಹಳೆಯ ಚೌಕಳಿ ಅಂಗಿಯೊಂದು ನನಗಿಂತ ನೆಟ್ಟಗೆ ನಿಲ್ಲಬಲ್ಲದು ಎಂಬ ಸಂಗತಿ ನನಗೆ ತಿಳಿದದ್ದು ಹೋದ ಕನ್ನಿ ತಿಂಗಳಲ್ಲಿ, ಎಂದರೆ ಮಲಯಾಳ ಪಂಚಾಂಗದ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ವಯನಾಡಿನ ನೂಲ್ಪುಳದ ನಮ್ಮ ಮನೆಯೆದುರು ರಸ್ತೆ, ರಸ್ತೆಯಾಚೆ ಮಾದಣ್ಣನವರ ಗದ್ದೆ, ಗದ್ದೆಯಾಚೆ ಕಾಡು. ಆ ಗದ್ದೆಯ ನಡುಬದುವಿನ ಮೇಲೆ, ಕಾಲರಿನ ಒಂದು ತುದಿ ಎದ್ದು ನಿಂತ, ಎಡಜೇಬಿಗೆ ಶಾಯಿ ಹರಡಿದ ನನ್ನ ಅಂಗಿಯನ್ನು ತೊಟ್ಟು ಬೆದರುಗೊಂಬೆಯೊಂದು ಎರಡೂ ಕೈ ಚಾಚಿಕೊಂಡಿತ್ತು. ಅಂಗಿಯನ್ನು ದಾನ ಮಾಡಿದವಳು ನನ್ನ ಹೆಂಡತಿ ಶಾರದೆ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದದ್ದಕ್ಕೆ, "ನೀವು ತೊಟ್ಟಾಗ್ಲೂ ಅದು ಅಷ್ಟೇ ಕೆಲಸ ಮಾಡ್ತಿತ್ತು" ಎಂದಳು.

ಅಂಗಿ ಹೋದದ್ದಕ್ಕೆ ದುಃಖವಿರಲಿಲ್ಲ. ತೊಂದರೆ ಶುರುವಾದದ್ದು ಜನ ಅದನ್ನು ನಾನೆಂದು ತಿಳಿಯತೊಡಗಿದಾಗ. ಬಸ್ಸಿನ ಕಂಡಕ್ಟರು ಒಮ್ಮೆ ಟಿಕೆಟ್ಟು ಹರಿಯುತ್ತಾ, "ಎಂತ ಸಾರೇ, ನಿನ್ನೆ ಗದ್ದೇಲಿ ನಿಂತಿದ್ರಿ, ಕೂಗಿದ್ರೆ ತಿರುಗೂ ನೋಡ್ಲಿಲ್ಲ" ಎಂದು ಮುನಿಸು ತೋರಿಸಿದರು. ಅದು ನಾನಲ್ಲ, ಹುಲ್ಲು ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಓದುಗರೇ, ನಿಮ್ಮ ಅಂಗಿ ತೊಟ್ಟ ಹುಲ್ಲಿನ ಗೊಂಬೆಯ ತಲೆಯ ಮೇಲೆ ಗಿಳಿ ಕೂತಿರುವುದನ್ನು ದಿನವೂ ಕಿಟಕಿಯಿಂದ ನೋಡುವುದು ಎಷ್ಟು ಹಿತವಾದ ಅನುಭವವೆಂದು ನೀವೇ ಊಹಿಸಿಕೊಳ್ಳಿ. ಇದರಿಂದ ನನಗೆ ಅನ್ಯಾಯವಾಗಿದೆಯೇ, ಆಗಿದ್ದರೆ ಅದರ ಹೆಸರೇನು, ಯಾವ ಕಾನೂನಿನಲ್ಲಿ ಅದಕ್ಕೆ ಜಾಗವಿದೆ ಎಂದು ನಾನು ಅಷ್ಟಾಗಿ ಯೋಚಿಸುತ್ತಿರಲಿಲ್ಲ. ಯೋಚಿಸಬೇಕಾದದ್ದು ಅದೇ ವಾರ ಗೊಂಬೆಯ ಯಜಮಾನರಾದ ಮಾದಣ್ಣನವರು ಒಂದು ವಕೀಲರ ನೋಟೀಸನ್ನು ಹಿಡಿದು ನಮ್ಮ ಜಗಲಿಗೆ ಬಂದದ್ದರಿಂದ.

ಮಾದಣ್ಣನವರ ಅಜ್ಜ ಗುಂಡ್ಲುಪೇಟೆಯ ಕಡೆಯಿಂದ ಎತ್ತು ಹೊಡೆದುಕೊಂಡು ಗಡಿ ದಾಟಿದವರು. ಮೊಮ್ಮಗನಿಗೆ ಸಾಲೆಯ ಮಲಯಾಳವೂ ಮನೆಯ ಕನ್ನಡವೂ ಸರಾಗ. ನನಗಿಂತ ನಾಲ್ಕು ವರ್ಷ ದೊಡ್ಡವರು, ನನ್ನನ್ನು 'ಪೇಪರ್ ಸಾರು' ಎನ್ನುತ್ತಾರೆ. ಮೂವತ್ತು ವರ್ಷ ನಾನು ಗಡಿಯಾಚೆಯ ಒಂದು ಕನ್ನಡ ದಿನಪತ್ರಿಕೆಗೆ ವಯನಾಡಿನಿಂದ ಸುದ್ದಿ ಕಳಿಸಿದವನು. ಆ ಅವಧಿಯಲ್ಲಿ ನನ್ನ ಮೇಲೆ ಒಂದೇ ಒಂದು ಮಾನನಷ್ಟ ಮೊಕದ್ದಮೆ ಬೀಳಲಿಲ್ಲ ಎಂಬುದು ನನ್ನ ವೃತ್ತಿಜೀವನದ ಏಕೈಕ ಪದಕ. ಯಾರೂ ಓದದ್ದಕ್ಕೆ ಯಾರು ಕೇಸು ಹಾಕುತ್ತಾರೆ ಎಂಬುದು ಶಾರದೆಯ ಪಾಠಾಂತರ.

ನೋಟೀಸಿನ ಹಿನ್ನೆಲೆ ಇಷ್ಟು. ಆನೆ ಬರುತ್ತದೆಂದು ಮಾದಣ್ಣನವರು ವಿಷು ಹಬ್ಬದ ಮೇಡ ತಿಂಗಳಲ್ಲಿ ಗದ್ದೆಯ ಸುತ್ತ ಸೋಲಾರ್ ಬೇಲಿ ಹಾಕಿಸಿದರು. ಹಾಕಿದ್ದು ಪೇಟೆಯ ಒಂದು ಬೇಲಿ ಅಂಗಡಿ. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಏಕೆ ಬರೆಯುವುದಿಲ್ಲ ಎಂಬುದೇ ಈ ಪ್ರಬಂಧದ ವಿಷಯ. ಅದರ ಮಾಲೀಕರನ್ನು ಊರೆಲ್ಲ ಕರೆಯುವಂತೆ ನಾನೂ ಮುದಲಾಳಿ ಎಂದೇ ಕರೆಯುತ್ತೇನೆ. ತಂತಿಗೆ ವಿದ್ಯುತ್ತು ಕೊಡುವ ಪೆಟ್ಟಿಗೆಯೊಂದು ಇರುತ್ತದೆ; ಅದು ಆರೋಗ್ಯವಾಗಿರುವವರೆಗೆ ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತದೆ. ಇದು ಎಂಟನೆಯ ದಿನ ಮೌನವ್ರತ ಹಿಡಿಯಿತು. ಹೇಳಿ ಕಳಿಸಿದರೆ, ಪೆಟ್ಟಿಗೆ ಸರಿಯಿದೆ, ಮಣ್ಣು ಸರಿಯಿಲ್ಲ ಎಂಬ ಉತ್ತರ ಬಂತು. ಮಿಥುನ ತಿಂಗಳಲ್ಲಿ ಎರಡು ಆನೆಗಳು ತಂತಿಯನ್ನು ಬಳ್ಳಿಯಂತೆ ಸರಿಸಿ ಒಳಗೆ ಬಂದು ನೇಂದ್ರಬಾಳೆಯ ಎರಡು ಸಾಲನ್ನು ಮುಗಿಸಿ, ಬಂದ ದಾರಿಯಲ್ಲೇ ಶಿಸ್ತಿನಿಂದ ಹೋದವು. ಮಾದಣ್ಣನವರ ಕರಿಮೇಕೆಗೆ ಬೆನ್ನಿನ ತುರಿಕೆ ತೀರಿಸಿಕೊಳ್ಳಲು ಆ ಬೇಲಿಯಷ್ಟು ಹಿತವಾದ ಸಾಧನ ಬೇರೆ ಸಿಗಲಿಲ್ಲ.

ಅವರು ಮೊದಲು ಊರಿನ ವಾಟ್ಸಾಪ್ ಗುಂಪಿನಲ್ಲಿ ದೂರಿದರು. ಗುಂಪನ್ನು ನಡೆಸುವ ಕ್ಲಬ್ಬಿಗೆ ಫುಟ್ಬಾಲ್ ಜೆರ್ಸಿ ಕೊಡಿಸಿದವರು ಮುದಲಾಳಿ. ಸಂಜೆಯೊಳಗೆ ಮಾದಣ್ಣನವರು ಗುಂಪಿನ ಹೊರಗಿದ್ದರು. ಯಾರೂ ಎಬ್ಬಿಸಲಾರದ ಒಂದು ಸ್ವಂತ ಜಾಗ ಬೇಕೆಂದು ಅವರಿಗೆ ಅನ್ನಿಸಿದ್ದು ಆಗ. ಪೇಟೆಯ ಆನ್‌ಲೈನ್ ಸೇವಾ ಕೇಂದ್ರಕ್ಕೆ ಹೋಗಿ ವಿಚಾರಿಸಿದರು. ಅಂತರಜಾಲದಲ್ಲಿ ಯಾರು ಬೇಕಾದರೂ ಹೆಸರೊಂದನ್ನು ನೋಂದಾಯಿಸಿ ಜಾಲತಾಣ ಇಟ್ಟುಕೊಳ್ಳಬಹುದು ಎಂದು ತಿಳಿಯಿತು. ಯಾವ ಹೆಸರು ಬೇಕು ಎಂದು ಕೇಂದ್ರದವರು ಕೇಳಿದ್ದಕ್ಕೆ ಇವರು ಬೇಲಿ ಅಂಗಡಿಯ ಹೆಸರನ್ನೇ ಹೇಳಿದರು. ಹಿಂದೆ ಮುಂದೆ ಏನೂ ಇಲ್ಲ, ಅಂಗಡಿಯ ಬೋರ್ಡಿನ ಮೇಲೆ ಇರುವಂತೆಯೇ. ಆಶ್ಚರ್ಯವೆಂದರೆ ಅದು ಖಾಲಿ ಇತ್ತು. ಮುದಲಾಳಿಗೆ ಜಾಲತಾಣ ಇಟ್ಟುಕೊಳ್ಳಬೇಕೆಂದು ಎಂದೂ ತೋಚಿರಲಿಲ್ಲ.

ಇದನ್ನು ಮಾದಣ್ಣನವರು ಅರ್ಥ ಮಾಡಿಕೊಂಡದ್ದು ನಮ್ಮ ಕಡೆಯ ಮದಿಲಿನ, ಎಂದರೆ ಗೋಡೆಯ, ಕ್ರಮದಲ್ಲಿ. ಚುನಾವಣೆ ಇನ್ನೂ ದೂರವಿರುವಾಗಲೇ ಪಕ್ಷದವರು ರಸ್ತೆ ಬದಿಯ ಗೋಡೆಗಳಿಗೆ ಸುಣ್ಣ ಬಳಿದು, ಮೂಲೆಯಲ್ಲಿ 'ಬುಕ್ಡ್' ಎಂದು ಬರೆದು ಹೋಗುತ್ತಾರೆ. ಆಮೇಲೆ ಎದುರು ಪಕ್ಷದವನು ಆ ಗೋಡೆಗೆ ಕುಂಚ ತಾಗಿಸುವುದಿಲ್ಲ. ಬೇರೆ ಯಾವುದರಲ್ಲೂ ಒಪ್ಪದವರು ಇದೊಂದನ್ನು ಮಾತ್ರ ಧರ್ಮದಂತೆ ಪಾಲಿಸುತ್ತಾರೆ. ಗೋಡೆ ಯಾರದೆಂದು ಕೇಳುವ ಪದ್ಧತಿ ಮಾತ್ರ ಎರಡೂ ಕಡೆ ಇಲ್ಲ.

"ಖಾಲಿ ಬಿದ್ದಿತ್ತು, ಬುಕ್ ಮಾಡ್ದೆ. ಇನ್ನು ಒಳಗ ಏನ ಬರೀಬೇಕು ಅಂತ ನೀವ್ ಹೇಳಿ ಪೇಪರ್ ಸಾರೇ" ಎಂದು ಕರ್ಕಾಟಕ ತಿಂಗಳ ಮಳೆಯಲ್ಲಿ ನೆನೆದುಕೊಂಡು ಬಂದರು.

ಇಲ್ಲಿ ನನ್ನ ಪಾತ್ರ ಶುರುವಾಗುತ್ತದೆ. ಅದನ್ನು ಮುಚ್ಚಿಡುವುದು ದಾಖಲೆಗೆ ಮಾಡುವ ದ್ರೋಹ. ಮಾದಣ್ಣನವರು ತಂದಿದ್ದ ಕರಡಿನಲ್ಲಿ 'ಮಹಾಮೋಸಗಾರ', 'ಲೋಫರ್' ಮತ್ತು ಆನೆಗಳೊಂದಿಗೆ ಒಳಒಪ್ಪಂದದ ಶಂಕೆ ಇದ್ದವು. ನಾನು ಕೆಂಪು ಪೆನ್ನು ತೆಗೆದೆ. ಬಹಳ ದಿನಗಳ ನಂತರ ಅದು ಕೈಗೆ ಬಂದ ಸಂತೋಷದಲ್ಲಿ ಒಂದು ವಿಶೇಷಣವನ್ನೂ ಉಳಿಸಲಿಲ್ಲ. ಕೊನೆಗೆ ಉಳಿದದ್ದು ಇಷ್ಟೇ: ಮೇಡ ತಿಂಗಳಲ್ಲಿ ಬೇಲಿ ಹಾಕಿಸಿದೆ. ಎಂಟನೆಯ ದಿನ ಪೆಟ್ಟಿಗೆಯ ಸದ್ದು ನಿಂತಿತು. ಮೂರು ಸಲ ಹೇಳಿದೆ, ಒಂದು ಸಲ ಬಂದು ನೋಡಿದರು, ರಿಪೇರಿ ಆಗಲಿಲ್ಲ. ಮಿಥುನದಲ್ಲಿ ಎರಡು ಆನೆ ಬೇಲಿ ದಾಟಿ ಬಾಳೆ ತಿಂದವು. ಪಟದಲ್ಲಿ ಬೇಲಿಗೆ ಬೆನ್ನು ತಿಕ್ಕುತ್ತಿರುವುದು ನನ್ನ ಮೇಕೆ.

ಮಾದಣ್ಣನವರು ಅದನ್ನು ಎರಡು ಸಲ ಓದಿ, "ಬೈಗುಳ ಎಲ್ಲಿ?" ಎಂದರು. ಬೈಗುಳ ಮೇಕೆಯ ಮುಖದಲ್ಲಿದೆ ಎಂದೆ. ಪಟ ನೋಡಿ ಒಪ್ಪಿದರು. ಕನ್ನಡ, ಮಲಯಾಳ ಎರಡರಲ್ಲೂ ಪುಟ ಪ್ರಕಟವಾಯಿತು. ಬೇಲಿ ಹಾಕಿಸಲು ಆ ಅಂಗಡಿಯ ಹೆಸರು ಹುಡುಕಿದವರೆಲ್ಲ ಈ ಮೇಕೆಯ ಮುಂದೆ ಬಂದು ನಿಂತರು.

ಮುದಲಾಳಿ ಓಣಂ ಬರುವ ಚಿಂಗ ತಿಂಗಳಲ್ಲಿ ಸ್ವತಃ ಮಾದಣ್ಣನವರ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಬಿಳಿ ಮುಂಡು, ಜೇಬಿನಲ್ಲಿ ಮುಖ ಹೊರಗೆ ಮಾಡಿ ಕೂತ ಮೊಬೈಲು, ಬಹಳ ಮೆದುವಾದ ದನಿ. ಬೇಲಿಯ ಮಾತೆತ್ತಲಿಲ್ಲ. ಹಾಲಿಲ್ಲದ ಕಟ್ಟನ್ ಚಾಯ ಕುಡಿದರು, ಮಳೆ ಕಡಿಮೆ ಎಂದರು, ಕೊನೆಗೆ, "ಮಾದನ್ ಚೇಟ್ಟಾ, ಆ ಹೆಸರು ನನಗೆ ಬೇಕಲ್ಲ. ಎಷ್ಟಕ್ಕೆ ಕೊಡ್ತೀರಿ?" ಎಂದು ಕೇಳಿದರು.

ಮಾದಣ್ಣನವರು ಗದ್ದೆಯ ಕಡೆ ನೋಡುತ್ತಾ, "ಹತ್ತು ಲಕ್ಷ" ಎಂದರು.

ಮುದಲಾಳಿ ನಗಲಿಲ್ಲ. ಲೋಟ ಕೆಳಗಿಟ್ಟು, ಜೇಬಿನ ಮೇಲೆ ಕೈಯಿಟ್ಟು, ಶರಿ ಎಂದು ಎದ್ದು ಹೋದರು. ನಗದಿದ್ದದ್ದು ನನಗೆ ವಿಚಿತ್ರವೆನಿಸಿತು, ಏಕೆಂದರೆ ಅದು ನಗಬೇಕಾದ ಜಾಗ. ಮಾದಣ್ಣನವರಂಥ ಮನೆಗಳಲ್ಲಿ ಕೊಟ್ಟಿಗೆಯ ದನವನ್ನು ಕೇಳಿ ಬಂದವರಿಗೆ 'ಕೊಡುವುದಿಲ್ಲ' ಎನ್ನಬಾರದು. ಬಾಗಿಲಲ್ಲಿ ಇಲ್ಲವೆಂದರೆ ಕೊಟ್ಟಿಗೆಗೆ ಕೇಡು. ಮಾರುವ ಮನಸ್ಸಿಲ್ಲದಿದ್ದರೆ ಯಾರೂ ಕೊಡಲಾರದ ಒಂದು ಬೆಲೆ ಹೇಳುತ್ತಾರೆ. ಬಂದವನು ನಕ್ಕು, ಎಲೆಯಡಿಕೆ ಹಾಕಿಕೊಂಡು, ಮಳೆಬೆಳೆ ಮಾತಾಡಿ ಹೋಗುತ್ತಾನೆ. ಇದನ್ನು ಕಲಿಯುವಾಗ ನಾನೂ ಒಮ್ಮೆ ಮುಖಭಂಗಪಟ್ಟಿದ್ದೇನೆ. ಅದೇ ಕರಿಮೇಕೆಯನ್ನು ಮರಿಯಾಗಿದ್ದಾಗ ಕೇಳಿದ್ದೆ. ಮಾದಣ್ಣನವರು ಒಂದು ಜೀಪಿನ ಬೆಲೆ ಹೇಳಿದರು. ಅವರಿಗೆ ಬುದ್ಧಿಭ್ರಮಣೆಯಾಗಿದೆ ಎಂದು ಮನೆಗೆ ಬಂದು ವರದಿ ಮಾಡಿದಾಗ, ಅವರು ಮರ್ಯಾದೆಯಿಂದ ಇಲ್ಲವೆಂದಿದ್ದಾರೆ ಎಂದು ಶಾರದೆ ಅನುವಾದಿಸಿಕೊಟ್ಟಳು.

ಕನ್ನಿಯಲ್ಲಿ ಬಂದ ನೋಟೀಸಿನಲ್ಲಿ ಈ ಮರ್ಯಾದೆಗೆ ಬೇರೆಯೇ ಹೆಸರಿತ್ತು. ತಮ್ಮ ಕಕ್ಷಿದಾರರ ವ್ಯಾಪಾರನಾಮವನ್ನು ಕದ್ದು ನೋಂದಾಯಿಸಿ, ಅದನ್ನು ಹತ್ತು ಲಕ್ಷಕ್ಕೆ ಮಾರಲು ಯತ್ನಿಸಿದ ದುರುದ್ದೇಶ. ಧ್ವನಿಮುದ್ರಿಕೆ ಇದೆ. ಹೆಸರನ್ನು ಬಿಟ್ಟುಕೊಡಬೇಕು, ಪುಟವನ್ನು ಅಳಿಸಬೇಕು, ಲಗತ್ತಿಸಿದ ಕ್ಷಮಾಪಣೆಗೆ ಹದಿನೈದು ದಿನಗಳಲ್ಲಿ ಸಹಿ ಹಾಕಬೇಕು, ಇಲ್ಲವಾದರೆ ಮಾನನಷ್ಟ ಮೊಕದ್ದಮೆ. ಕ್ಷಮಾಪಣೆಯಲ್ಲಿ ನಾಲ್ಕು ಸಾಲು. ನಾಲ್ಕನೆಯದು: ಬೇಲಿಯು ಹಾಕಿದ ದಿನದಿಂದ ಈವರೆಗೆ ಸಂಪೂರ್ಣ ತೃಪ್ತಿಕರವಾಗಿ ಕೆಲಸ ಮಾಡುತ್ತಿದೆ.

"ಇದಕ್ಕ ಸೈನ್ ಹಾಕುದ್ರ, ಆನ ಬಂದು ಓದ್ಕಂಡು ವಾಪಸ್ ಹೋಯ್ತದಾ?" ಎಂದರು ಮಾದಣ್ಣನವರು. ಜಗಲಿಯಿಂದ ಗದ್ದೆ ಕಾಣುತ್ತಿತ್ತು. ಗಂಧಕಸಾಲೆ ಭತ್ತ ಮೊಣಕಾಲೆತ್ತರ ಬಂದಿತ್ತು. ತುಲಾಮಾಸದಲ್ಲಿ ತೆನೆಯಲ್ಲಿ ಹಾಲು ತುಂಬುತ್ತದೆ, ಆ ವಾಸನೆಗೆ ಆನೆ ಬರುತ್ತದೆ. ಸಹಿ ಹಾಕಿದರೆ ರಿಪೇರಿ ಕೇಳಲು ಬಾಯಿಲ್ಲ, ಹಾಕದಿದ್ದರೆ ಕೋರ್ಟು. ಹಾಕಿದರೂ ಹಾಕದಿದ್ದರೂ ಪೆಟ್ಟಿಗೆ ಮಾತಾಡುವುದಿಲ್ಲ.

ಕಲ್ಪೆಟ್ಟದಲ್ಲಿ ಶ್ರೀಜಾ ಎಂಬ ವಕೀಲರಿದ್ದಾರೆ. ತಾಯಿಯ ತವರು ಚಾಮರಾಜನಗರದ ಕಡೆ, ಹಾಗಾಗಿ ಕನ್ನಡ ಚೆನ್ನಾಗಿ ಬರುತ್ತದೆ. ಮಾದಣ್ಣನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟರು, ನಾನು ಪುಟದ ಪ್ರತಿಯನ್ನು ಕವರಿನಲ್ಲಿಟ್ಟುಕೊಂಡೆ, ಬಸ್ಸಿನಲ್ಲಿ ಹೋದೆವು. ವಕೀಲರು ಪುಟವನ್ನು ಓದಿದರು, ಮೇಕೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ಇದನ್ನ ಬರೆದವರು ಯಾರು? ಒಂದು ಸಾಲಿಗೂ ಕೈ ಹಾಕೋ ಹಾಗಿಲ್ಲ. ತಿಂಗಳಿದೆ, ಪಟ ಇದೆ, ಒಂದು ಬೈಗುಳ ಇಲ್ಲ. ನಿಜ ಅಂತ ತೋರಿಸಬಹುದಾದ್ದನ್ನ ಮಾತ್ರ ಬರೆದಿದ್ದೀರಿ. ಮಾನನಷ್ಟಕ್ಕೆ ಇದರಷ್ಟು ಒಳ್ಳೆ ಉತ್ತರ ಇಲ್ಲ."

ನಾನು ವಿನಯದಿಂದ ಕನ್ನಡಕ ಒರೆಸಿಕೊಂಡೆ.

"ಮತ್ತೆ ಈ ಹೆಸರನ್ನ ನೋಡಿದವರು ಯಾರು?" ಎಂದು ಪುಟದ ನೆತ್ತಿಯ ಮೇಲೆ ಬೆರಳಿಟ್ಟರು.

ಯಾರೂ ನೋಡಿರಲಿಲ್ಲ. ಸುದ್ದಿಮನೆಯಲ್ಲಿ ದುಡಿದವರಿಗೆ ಒಂದು ಸತ್ಯ ಗೊತ್ತಿರುತ್ತದೆ: ಸಣ್ಣ ಅಕ್ಷರದ ತಪ್ಪುಗಳನ್ನು ಎಲ್ಲರೂ ಹಿಡಿಯುತ್ತಾರೆ, ಅತ್ಯಂತ ದೊಡ್ಡ ಅಕ್ಷರದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಪತ್ರಿಕೆ ಒಮ್ಮೆ ಇಡೀ ಮಂಗಳವಾರವನ್ನು ಸೋಮವಾರವೆಂದು ನೆತ್ತಿಯಲ್ಲಿ ಅಚ್ಚುಮಾಡಿತ್ತು. ಆ ದಿನ ಒಳಗಿನ ಪುಟದ ಒಂದು ಅಲ್ಪವಿರಾಮಕ್ಕಾಗಿ ನಾನೂ ಮುಖ್ಯ ಉಪಸಂಪಾದಕರೂ ಅರ್ಧ ಗಂಟೆ ವಾದಿಸಿದ್ದೆವು. ನಾನು ಮೇಕೆಯವರೆಗೆ ಎಲ್ಲವನ್ನೂ ಪರಿಶೀಲಿಸಿದ್ದೆ. ಬೋರ್ಡು ನನ್ನ ಇಲಾಖೆಯೆಂದು ತೋಚಲೇ ಇಲ್ಲ.

ವಕೀಲರು ಸಾವಧಾನವಾಗಿ ವಿವರಿಸಿದರು. ದೂರು ಹೇಳುವ ಹಕ್ಕು ಬೇರೆ, ಇನ್ನೊಬ್ಬರ ಹೆಸರಿನಲ್ಲಿ ಕೂತು ಹೇಳುವ ಹಕ್ಕು ಬೇರೆ. ಇಂಥ ಹೆಸರುಗಳ ಜಗಳಕ್ಕೆ ಕೋರ್ಟಿಗೇ ಹೋಗಬೇಕೆಂದಿಲ್ಲ, ಪ್ರತ್ಯೇಕ ಮಧ್ಯಸ್ಥಿಕೆಯೇ ಇದೆ. ಅಲ್ಲಿ, ಹೆಸರು ಅವರದನ್ನು ಹೋಲುತ್ತದೆಯೇ, ಅದನ್ನಿಟ್ಟುಕೊಳ್ಳಲು ನಿಮಗೇನು ನ್ಯಾಯವಾದ ಕಾರಣ, ಮನಸ್ಸಿನಲ್ಲಿ ಏನಿತ್ತು ಎಂದು ಕೇಳುತ್ತಾರೆ. ಹೆಸರಿನ ಜೊತೆ 'ದೂರು' ಎಂದೋ ಮತ್ತೊಂದೋ ಸೇರಿಸಿದ್ದರೆ ವಾದಕ್ಕೆ ಒಂದಿಷ್ಟು ಜಾಗವಿರುತ್ತಿತ್ತು, ಅದೂ ಖಾತ್ರಿಯಲ್ಲ. ಇದು ಬೋರ್ಡಿನ ಯಥಾಪ್ರತಿ. ಅಂಗಡಿ ಹುಡುಕಿ ಬಂದವನು ಮೊದಲು ಮೋಸಹೋಗಿ ಆಮೇಲೆ ಸತ್ಯ ಓದಬೇಕು. ಸಾಲದ್ದಕ್ಕೆ, ಉಚಿತವೆಂದು ಸಿಕ್ಕಿದ ಪುಟವಾದ್ದರಿಂದ ಅದರ ಬುಡದಲ್ಲಿ ಜಾಹೀರಾತು ತಾನಾಗಿ ಬಂದು ಕೂತಿತ್ತು. ನಾವು ಗಮನಿಸಿರಲಿಲ್ಲ. ಅದು ಇನ್ನೊಂದು ಬೇಲಿ ಅಂಗಡಿಯದು. ಈಗ ಮಾದಣ್ಣನವರು ನೊಂದ ರೈತನಂತೆಯೂ ಕಾಣುತ್ತಿದ್ದರು, ಎದುರಾಳಿಯ ಏಜೆಂಟನಂತೆಯೂ ಕಾಣುತ್ತಿದ್ದರು.

"ಖಾಲಿ ಇತ್ತಲ್ಲಮ್ಮಾ. ಮದಿಲು ಬುಕ್ ಮಾಡ್ದಂಗ ಮಾಡ್ದೆ" ಎಂದರು ಮಾದಣ್ಣನವರು.

"ಮದಿಲು ಬುಕ್ ಮಾಡಿದ್ರಿ ಮಾದಣ್ಣ, ಶರಿ. ಆದ್ರೆ ಮೇಲೆ ಅವರ ಚಿಹ್ನೆ ಬರೆದು, ಕೆಳಗೆ ನಿಮ್ಮ ಭಾಷಣ ಬರೆದ್ರಿ. ಅದೂ ಹೋಗ್ಲಿ. ಈ ಹತ್ತು ಲಕ್ಷ ಯಾಕೆ ಹೇಳಿದ್ರಿ?"

"ಕೊಡಲ್ಲ ಅಂತ ಹೇಳಕ."

ವಕೀಲರು ಪೆನ್ನು ಕೆಳಗಿಟ್ಟರು. ನಾನು ಕರಿಮೇಕೆ ಮತ್ತು ಜೀಪಿನ ಪೂರ್ವನಿದರ್ಶನವನ್ನು ಮಂಡಿಸಿದೆ. ಅವರು ಪೂರ್ತಿ ಕೇಳಿ, "ನಮ್ಮ ಅಜ್ಜಿ ಮನೇಲೂ ಹಾಗೇ. ಆದ್ರೆ ಮಧ್ಯಸ್ಥರಿಗೆ ಮೇಕೆ ಸಾಕಿ ಗೊತ್ತಿರಬೇಕಲ್ಲ" ಎಂದರು. ಹೆಸರಿಗೆ ತಗುಲಿದ ಖರ್ಚಿಗಿಂತ ಹೆಚ್ಚಿನ ಬೆಲೆಯನ್ನು ಅದರ ಹಕ್ಕುದಾರನಿಗೇ ಹೇಳುವುದು ದುರುದ್ದೇಶದ ಬಲವಾದ ಗುರುತು. ಕಾನೂನಿಗೆ ಬೆಲೆಯೆಂದರೆ ಬೆಲೆಯೇ. ಅದು 'ಇಲ್ಲ' ಎಂಬುದರ ಸಂಸ್ಕಾರವಂತ ರೂಪವೆಂದು ಯಾವ ಕಲಮಿನಲ್ಲೂ ಬರೆದಿಲ್ಲ. ಮುದಲಾಳಿಗೆ ಈ ಪದ್ಧತಿ ನಿಜವಾಗಿ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಕೇಳಿದರೋ, ದಾಖಲೆಯಿಲ್ಲ.

"ಶರಿ, ಹೆಸರು ಕೊಡ್ತೀನಿ. ಅವ ಮೊದ್ಲು ಪೆಟ್ಗ ಸರಿಮಾಡ್ಲಿ" ಎಂದರು ಮಾದಣ್ಣನವರು.

"ಹಾಗಂದ್ರೆ ಮುಗೀತು. ಹತ್ತು ಲಕ್ಷದ ಜಾಗದಲ್ಲಿ ಪೆಟ್ಟಿಗೆ ಬಂತು, ಅಷ್ಟೆ. ಕೊಡೋದಾದ್ರೆ ಏನೂ ಕೇಳದೆ ಕೊಡಬೇಕು, ಇವತ್ತೇ, ಬರವಣಿಗೇಲಿ."

ಮಾದಣ್ಣನವರು ಪುಟದ ನೆತ್ತಿಯ ಹೆಸರನ್ನು ನೋಡಿದರು. ಮುದಲಾಳಿಯನ್ನು ತಮ್ಮ ಜಗಲಿಯವರೆಗೆ ಎಳೆದು ತಂದ ಒಂದೇ ಹಗ್ಗ ಅದಾಗಿತ್ತು. ಅದನ್ನು ಬಿಟ್ಟು, ತೆನೆಗೆ ಹಾಲು ತುಂಬುವ ತಿಂಗಳಿಗೆ ಬರಿಗೈಯಲ್ಲಿ ಹೋಗಬೇಕು. ಕೊನೆಗೆ ಕೇಳಿದರು: "ಕ್ಷಮಾಪಣೆ?"

"ಅದಕ್ಕೆ ಸಹಿ ಬೇಡ. ಹೆಸರು ಅವರದ್ದು, ವಾಪಸ್ ಕೊಡಿ. ನಡೆದದ್ದು ನಿಮ್ಮದು, ಅದನ್ನ ಯಾಕೆ ಕೊಡ್ತೀರಿ? ಇದೇ ಪುಟನ ನಿಮ್ಮ ಹೆಸರಲ್ಲಿ ಹಾಕಿ. ಜಾಹೀರಾತು ಇಲ್ಲದ ಜಾಗದಲ್ಲಿ. ಜೊತೆಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡೋಣ, ಮೇಕೆ ಪಟ ಸಮೇತ."

"ನನ್ನ ಹೆಸರ ಯಾರು ಹುಡ್ಕರು?"

ವಕೀಲರು ಕಾಗದವನ್ನು ಮುಂದೆ ಸರಿಸಿದರು. ಮಾದಣ್ಣನವರು ಸಹಿ ಹಾಕಿದರು, ಹೆಸರಿನ ಹಸ್ತಾಂತರಕ್ಕೆ ಮಾತ್ರ. ಬಸ್ ಸ್ಟ್ಯಾಂಡಿನಲ್ಲಿ ನಾನು, ತಪ್ಪು ನನ್ನದೂ ಇದೆ, ನೆತ್ತಿಯನ್ನು ನೋಡಬೇಕಿತ್ತು ಎಂದೆ. "ಬುಡಿ ಸಾರೇ. ಬೋರ್ಡ್ ಬರದವ ನಾನು. ನೀವು ಒಳಗ ಗುಡಿಸಿದ್ರಿ" ಎಂದರು. ಮೂವತ್ತು ವರ್ಷದ ಪತ್ರಿಕಾವೃತ್ತಿಗೆ ಇಷ್ಟು ನಿಖರವಾದ ಬೀಳ್ಕೊಡುಗೆ ನನಗೆ ನಿವೃತ್ತಿಯ ದಿನವೂ ಸಿಕ್ಕಿರಲಿಲ್ಲ.

ಪುಟ ಈಗ ಅವರ ಹೆಸರಿನಲ್ಲಿದೆ. ಮೊದಲ ವಾರ ಓದಿದವರು ನಾನು, ಶಾರದೆ ಮತ್ತು ಬಹುಶಃ ಮುದಲಾಳಿಯ ವಕೀಲರು. ಆಮೇಲೆ ಯಾರೋ ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಮಾದಣ್ಣನವರ ಹೆಸರು, ಮಾದಣ್ಣನವರ ಮೇಕೆ; ಎಲ್ಲರಿಗೂ ಇಬ್ಬರ ಪರಿಚಯವೂ ಇತ್ತು. ಮುದಲಾಳಿಯ ಹೆಸರು ಹೊತ್ತಿದ್ದಾಗ ಯಾರದೋ ಕಿತಾಪತಿಯೆಂದು ನಕ್ಕವರು ಈಗ, ಮಾದಣ್ಣ ಹೇಳುತ್ತಿದ್ದಾನೆಂದರೆ ಇರಬೇಕು ಎಂದರು. ಗುಂಪಿನಿಂದ ತೆಗೆಯಲು ಮಾದಣ್ಣನವರು ಅದರಲ್ಲಿ ಇರಲೇ ಇಲ್ಲ.

ತುಲಾಮಾಸದ ಎರಡನೆಯ ವಾರ, ತೆನೆ ಇನ್ನೂ ಹಸಿರಿದ್ದಾಗ, ಅಂಗಡಿಯ ಕೆಲಸಗಾರನೊಬ್ಬ ಹೊಸ ಪೆಟ್ಟಿಗೆಯೊಂದಿಗೆ ಬಂದ. ಪತ್ರವಿಲ್ಲ, ಮಾತಿಲ್ಲ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ ಹೋದ. ಆಯೋಗದ ದೂರಿಗೋ, ಗುಂಪಿನ ಮಾತಿಗೋ, ಮುದಲಾಳಿಯ ಅಂತಃಕರಣಕ್ಕೋ, ಯಾವುದಕ್ಕೆ ಬಂದನೆಂದು ನಾನು ಖಚಿತವಾಗಿ ಬರೆಯಲಾರೆ. ಖಚಿತವಾಗಿ ಬರೆಯಬಹುದಾದ್ದು ಇಷ್ಟು: ಮಧ್ಯಾಹ್ನ ಕರಿಮೇಕೆ ವಾಡಿಕೆಯಂತೆ ಬೆನ್ನು ತಿಕ್ಕಲು ಹೋಯಿತು. ಅದು ಅಷ್ಟು ಎತ್ತರ ನೆಗೆಯಬಲ್ಲದು ಎಂದು ಅದಕ್ಕೂ ಗೊತ್ತಿರಲಿಲ್ಲ. ಸಂಜೆ ಮಾದಣ್ಣನವರು ಬಂದು, ಪುಟಕ್ಕೆ ಒಂದು ಸಾಲು ಸೇರಿಸಬೇಕು ಎಂದರು. ಪೆಟ್ಟಿಗೆ ಬದಲಾಯಿಸಿದ್ದಾರೆ, ಈಗ ಕೆಲಸ ಮಾಡುತ್ತಿದೆ. ಸೇರಿಸದಿದ್ದರೂ ನಡೆಯುತ್ತದೆ, ಮುದಲಾಳಿ ದೂರಿನಲ್ಲಿ ಸೋಲಲಿ ಎಂದೆ. "ಪುಟ ನನ್ನ ಹೆಸರಲ್ಲಿ ಅದಲ್ಲ ಸಾರೇ, ಸೇರಿಸ್ದಿದ್ರ ಸುಳ್ಳಾಯ್ತದ" ಎಂದರು. ಸೇರಿಸಿದೆ. ಈ ಸಲ ನೆತ್ತಿಯಿಂದ ಓದಲು ಶುರುಮಾಡಿದೆ.

ಧನುಮಾಸದಲ್ಲಿ ಭತ್ತ ಪೂರ್ತಿಯಾಗಿ ಮನೆಗೆ ಬಂತು. ಕೊಯ್ಲಿಗೆ ಮೊದಲೇ ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದಾಗ ಬೆದರುಗೊಂಬೆಯ ಮೈಮೇಲೆ ನನ್ನ ಚೌಕಳಿ ಇರಲಿಲ್ಲ. ಕಲ್ಪೆಟ್ಟಕ್ಕೆ ತೊಟ್ಟು ಹೋಗಿದ್ದ ಮಾದಣ್ಣನವರ ಸ್ವಂತ ಅಂಗಿ ಇತ್ತು, ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ. ನನ್ನದನ್ನು ಒಗೆದು ಮಡಿಸಿ ಶಾರದೆಯ ಕೈಗೆ ವಾಪಸ್ಸು ಕೊಟ್ಟಿದ್ದರು. ಗದ್ದೆ ನಂದು, ಅಂಗಿಯೂ ನಂದೇ ಇರಲಿ ಎಂದರಂತೆ. ಗಿಳಿಗಳು ಈ ಬದಲಾವಣೆಗೆ ಯಾವ ಮಹತ್ವವನ್ನೂ ಕೊಡದೆ ಅದೇ ತಲೆಯ ಮೇಲೆ ಕೂತಿದ್ದವು.

ಇದರಿಂದ ನನಗೆ ಸಮಾಧಾನವಾಗಬೇಕಿತ್ತು. ಆದರೆ ಅಂದು ಬಸ್ಸಿನಲ್ಲಿ ಕಂಡಕ್ಟರು ಗದ್ದೆಯ ಕಡೆ ಕೈಬೀಸಿ, "ಮಾದಣ್ಣ ಎಷ್ಟು ಹೊತ್ತಿಂದ ನಿಂತಿದ್ದಾರೆ ಪಾಪ" ಎಂದಾಗ, ತಿದ್ದಲು ಬಾಯಿ ತೆರೆದವನು ಮುಚ್ಚಿಕೊಂಡೆ. ಆಮೇಲೆ, ವಾಪಸ್ಸು ಬಂದು ನನ್ನ ಮೈಮೇಲಿದ್ದ ಚೌಕಳಿ ಅಂಗಿಯ ತೋಳೆತ್ತಿ, ನಾನೂ ಆ ಗೊಂಬೆಗೆ ಕೈಬೀಸಿದೆ.